ಡೊಮೈನ್ ಮೂಲಗೇಣಿ, ಹೋಸ್ಟಿಂಗ್ ಚಾಲಗೇಣಿ: ವೆಬ್‌ಸೈಟಿಗೆ ದುಡ್ಡು ಹಾಕುವ ಮೊದಲು ನೋಡ್ಲಿಕ್ಕಿರುದು

ಕಳೆದ ಮಳೆಗಾಲದಲ್ಲಿ ಒಂದು ಸಂಜೆ, ಕರೆಂಟ್ ಹೋಗಿ ಇನ್ವರ್ಟರೂ ಕುಂಯಿಗುಡ್ಲಿಕ್ಕೆ ಶುರು ಮಾಡಿದ ಹೊತ್ತಿಗೆ ನಮ್ಮ ಹತ್ತಿರದ ಒಂದು ದೇವಸ್ಥಾನದ ಸಮಿತಿಯ ಕಾರ್ಯದರ್ಶಿ ಭಟ್ರ ಫೋನು. "ಅಲ್ಲ ಮಾರಾಯಾ, ನಮ್ಮ ವೆಬ್‌ಸೈಟ್ ಓಪನ್ ಮಾಡಿದ್ರೆ ಇಸ್ಪೀಟ್ ಎಲೆ ಬರ್ತದಲ್ಲ, ಎಂತ ಅದು?" ನಾನು ಮೊಬೈಲಿನಲ್ಲಿ ನೋಡಿದೆ, ಹೌದು, ದೇವರ ಫೋಟೋ ಇದ್ದ ಜಾಗೆಯಲ್ಲಿ ಆನ್‌ಲೈನ್ ಜುಗಾರಿಯ ಜಾಹೀರಾತು. ಬ್ರಹ್ಮಕಲಶದ ಆಮಂತ್ರಣ ಪತ್ರಿಕೆ ಅದೇ ಅಡ್ರೆಸ್ ಹಾಕಿ ಪ್ರಿಂಟಾಗಿ ಬಂದು ಚಾವಡಿಯಲ್ಲಿ ಕಟ್ಟು ಕಟ್ಟು ಕೂತಿದೆ.

ಆದದ್ದೆಂತ ಅಂದ್ರೆ, ಸೈಟ್ ಮಾಡಿ ಕೊಟ್ಟ ಹುಡುಗ ಕಾಲೇಜಿನಲ್ಲಿರುವಾಗ ಮಾಡಿಕೊಟ್ಟದ್ದು, ಧರ್ಮಕ್ಕೆ, ಪಾಪ ಒಳ್ಳೆ ಮನಸ್ಸಿನಿಂದಲೇ. ಡೊಮೈನ್, ಅಂದ್ರೆ ಸೈಟಿನ ಅಡ್ರೆಸ್, ಅವನ ಹೆಸರಲ್ಲಿ, ಇಮೇಲ್ ಅವನ ಕಾಲೇಜಿನದ್ದು. ಈಗ ಅವ ದುಬೈಯಲ್ಲಿ, ಕಾಲೇಜಿನ ಇಮೇಲ್ ಬಂದ್ ಆಗಿ ಯಾವ ಕಾಲ ಆಯ್ತೋ. ರಿನ್ಯೂವಲ್ ನೋಟಿಸೆಲ್ಲ ಆ ಸತ್ತ ಇಮೇಲಿಗೇ ಹೋಗಿದೆ, ಯಾರೂ ನೋಡ್ಲಿಲ್ಲ, ಹೆಸರು ಬಿಟ್ಟು ಹೋಯ್ತು, ಕಾದು ಕೂತವ ಯಾರೋ ಹಿಡ್ಕೊಂಡ.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಡಿಟಿಪಿ ಅಂಗಡಿ ಇಟ್ಟು, ಅದರ ಜೊತೆಗೆ ಈ ವೆಬ್‌ಸೈಟ್ ಕೆಲಸ ಮಾಡ್ಲಿಕ್ಕೆ ಶುರು ಮಾಡಿ ಹದಿನಾಲ್ಕು ವರ್ಷ ಆಯ್ತು. ಶಾಲೆ, ಕ್ಲಿನಿಕ್, ಹೋಮ್‌ಸ್ಟೇ, ಯಕ್ಷಗಾನ ಸಂಘ, ಉಪ್ಪಿನಕಾಯಿ ಮಾರುವ ಅಕ್ಕಂದಿರು, ಎಲ್ಲ ತರದವರೂ ಬಂದಿದ್ದಾರೆ. ಬರುವವರೆಲ್ಲ ಕೇಳುದು ಒಂದೇ ಪ್ರಶ್ನೆ, "ಯಾವ ಕಂಪನಿ ಒಳ್ಳೇದು?" ಅಂತ. ಅದು ಎರಡನೇ ಪ್ರಶ್ನೆ. ಮೊದಲನೇದು, ಯಾರ ಹೆಸರಲ್ಲಿ ಅಂತ.

ಮೊದಲು: ಎರಡೂ ಒಂದೇ ಅಲ್ಲ

ನಮ್ಮ ಅಜ್ಜಂದಿರ ಭಾಷೆಯಲ್ಲಿ ಹೇಳುದಾದ್ರೆ ಡೊಮೈನ್ ಅಂದ್ರೆ ಮೂಲಗೇಣಿ, ಹೋಸ್ಟಿಂಗ್ ಅಂದ್ರೆ ಚಾಲಗೇಣಿ; ಮೊದಲನೇದು ಕಾಯಂ ಗೇಣಿ, ಎರಡನೇದು ಬೇಡಾಂದ್ರೆ ಬಿಡುವ ಗೇಣಿ. ಡೊಮೈನನ್ನು ಯಾರೂ ಕ್ರಯಕ್ಕೆ ತೆಗೊಳ್ಳುದಲ್ಲ, 'ಬಯ್' ಬಟನ್ ಅಂತ ಬರೆದಿದ್ರೂ ಅದು ಗೇಣಿಯೇ. ವರ್ಷ ವರ್ಷ ಕಟ್ಟುವವರೆಗೆ ನಿಮ್ಮನ್ನು ಸುಮ್ಮನೆ ಯಾರೂ ಎಬ್ಬಿಸ್ಲಿಕ್ಕಾಗುದಿಲ್ಲ, ಕಟ್ಟದಿದ್ರೆ ಹೋಯ್ತು. ಒಂದೇ ವ್ಯತ್ಯಾಸ, ಮೂಲಗೇಣಿಯಲ್ಲಿ ಗೇಣಿ ಏರ್ತಿರ್ಲಿಲ್ಲ, ಇಲ್ಲಿ ಏರ್ತದೆ. ಒಮ್ಮೆಗೆ ಹೆಚ್ಚಂದ್ರೆ 10 ವರ್ಷಕ್ಕೆ ಕಟ್ಟಬಹುದು. ಹೋಸ್ಟಿಂಗ್ ಅಂದ್ರೆ ನಿಮ್ಮ ಫೈಲು, ಫೋಟೋ, ಡೇಟಾಬೇಸ್ ಇಡುವ ಬಾಡಿಗೆ ಕೋಣೆ. ಸರಿ ಕಾಣದಿದ್ರೆ ಸಾಮಾನು ಕಟ್ಟಿ ಇನ್ನೊಂದು ಕಡೆ ಹೋಗ್ಬಹುದು, ಅಡ್ರೆಸ್ ಅದೇ ಇರ್ತದೆ. ಇವೆರಡರ ನಡುವೆ ಡಿಎನ್‌ಎಸ್ ಅಂತ ಒಂದುಂಟು, ಈ ಹೆಸರಿನವರು ಈಗ ಯಾವ ಕೋಣೆಯಲ್ಲಿದ್ದಾರೆ ಅಂತ ಕೇಳಿದವರಿಗೆ ಹೇಳುವ ಪೋಸ್ಟ್‌ಮ್ಯಾನ್ ಅಂತ ಇಟ್ಕೊಳ್ಳಿ.

ಡಾಟ್ ಕಾಮ್ ಎಲ್ಲದರ ಮೂಲ ಪಟ್ಟಿ ಇರುದು ವೆರಿಸೈನ್ ಅನ್ನುವ ಅಮೆರಿಕದ ಕಂಪನಿಯ ಹತ್ತಿರ, ಡಾಟ್ ಇನ್ ಪಟ್ಟಿ ನಮ್ಮ ದೇಶದ ನಿಕ್ಸಿ ಅನ್ನುವ ಸಂಸ್ಥೆಯ ಹತ್ತಿರ. ಅವರು ನಮಗೆ ನೇರ ಮಾರುದಿಲ್ಲ, ಹೆಸರು ದಾಖಲಿಸಿ ಕೊಡುವ ಕಂಪನಿಗಳಾದ ರಿಜಿಸ್ಟ್ರಾರ್‌ಗಳ ಮೂಲಕವೇ. ಈ ರಿಜಿಸ್ಟ್ರಾರ್‌ಗಳ ಕೆಳಗೆ ಮತ್ತೆ ಅವರಿಂದ ತೆಗೊಂಡು ಮಾರುವ ರೀಸೆಲ್ಲರ್‌ಗಳು, ಅವರ ಕೆಳಗೆ ನಮ್ಮಂಥ ಅಂಗಡಿಯವರು. ಸರಪಳಿ ಉದ್ದ ಆದಷ್ಟೂ ನಿಮ್ಮ ಹೆಸರು ಯಾರ ಕೈಯಲ್ಲಿದೆ ಅಂತ ಕಾಣುದಿಲ್ಲ, ಅದಕ್ಕೇ ಮುಂದಿನ ಹೆಜ್ಜೆಗಳು.

ಹೆಜ್ಜೆ 1: ಹೆಸರು, ಮತ್ತೆ ನಮ್ಮೂರಿನ ಸ್ಪೆಲ್ಲಿಂಗ್ ತಲೆನೋವು

ಬೇರೆ ಊರಿನವರಿಗೆ ಈ ಸಮಸ್ಯೆ ಇಷ್ಟಿಲ್ಲ. ನಮಗೆ ಕುಂಬಳೆ ಅಂದ್ರೆ ಕುಂಬಳೆ, ಆದ್ರೆ ಇಂಗ್ಲಿಷಿನಲ್ಲಿ ಒಬ್ಬ ಕುಂಬ್ಲೆ ಅಂತ ಬರೀತಾನೆ, ಇನ್ನೊಬ್ಬ ಕುಂಬ್ಲ, ಮತ್ತೊಬ್ಬ ಕುಂಬಳ. ಮಂಜೇಶ್ವರದ ಕೊನೆಗೆ ಒಂದು ಎಮ್ ಉಂಟಾ ಇಲ್ವಾ? ಕಾಸರಗೋಡಿಗಂತೂ ನಡುವೆ ಒಂದು ಎ ಇರುದು, ಇಲ್ಲದ್ದು, ಕೊನೆಗೆ ಯು ಸೇರಿದ್ದು ಅಂತ ಮೂರು ರೂಪ ನಾನೇ ಬೋರ್ಡುಗಳಲ್ಲಿ ನೋಡಿದ್ದೇನೆ. ಊರಿನ ಹೆಸರು ಡೊಮೈನಿನಲ್ಲಿ ಬೇಕೇ ಬೇಕು ಅಂತಾದ್ರೆ, ಫೋನಿನಲ್ಲಿ ಒಬ್ಬರಿಗೆ ಹೇಳಿ ಟೈಪ್ ಮಾಡಿಸಿ ನೋಡಿ. ಅವರು ಮೂರು ಸಲ ತಪ್ಪಿದ್ರೆ ಆ ಹೆಸರು ಬೇಡ, ಅಥವಾ ಎರಡು ಸ್ಪೆಲ್ಲಿಂಗೂ ತೆಗೊಂಡು ಒಂದನ್ನು ಇನ್ನೊಂದಕ್ಕೆ ತಿರುಗಿಸಿ ಬಿಡಿ. ನಡುವೆ ಅಡ್ಡಗೆರೆ ಹಾಕ್ಬೇಡಿ, ಹೇಳ್ಲಿಕ್ಕೇ ಆಗುದಿಲ್ಲ.

ಕನ್ನಡ ಲಿಪಿಯಲ್ಲೇ ಡೊಮೈನ್ ಸಿಗ್ತದೆ, ಕೊನೆಗೆ ಡಾಟ್ ಭಾರತ ಅಂತ ಬರುದು. ಬ್ಯಾನರಿನಲ್ಲಿ ಚಂದ ಕಾಣ್ತದೆ, ನನಗೂ ಖುಷಿಯೇ. ಆದ್ರೆ ಒಳಗೆ ಕಂಪ್ಯೂಟರು ಅದನ್ನು ಎಕ್ಸ್ ಎನ್ ಅಂತ ಶುರುವಾಗುವ ಒಂದು ವಿಕಾರ ಇಂಗ್ಲಿಷ್ ಸಾಲಾಗಿ ಮಾಡ್ತದೆ, ಕೆಲವು ಕಡೆ ಲಿಂಕ್ ಕಳಿಸಿದ್ರೆ ಹಾಗೇ ಕಾಣ್ತದೆ. ಆ ಹೆಸರಿನ ಇಮೇಲನ್ನು ತುಂಬ ಫಾರ್ಮುಗಳು ತೆಗೊಳ್ಳುದೂ ಇಲ್ಲ. ಅದೊಂದನ್ನೇ ನಂಬಿ ಕೂರ್ಬೇಡಿ, ಇಂಗ್ಲಿಷ್ ಅಕ್ಷರದ್ದು ಮುಖ್ಯ, ಇದು ಜೊತೆಗೆ.

ಡಾಟ್ ಕಾಮ್ ಸಿಕ್ಕಿದ್ರೆ ಡಾಟ್ ಕಾಮ್, ಇಲ್ಲಾಂದ್ರೆ ಡಾಟ್ ಇನ್. ಮೊದಲ ವರ್ಷ ನೂರು ರೂಪಾಯಿಗೆ ಸಿಗುವ ಡಾಟ್ ಆನ್‌ಲೈನ್, ಡಾಟ್ ಸ್ಟೋರ್ ಇತ್ಯಾದಿಗಳನ್ನು ತೆಗೊಳ್ಳುವ ಮೊದಲು ಎರಡನೇ ವರ್ಷದ ರೇಟ್ ನೋಡಿ, ಎದೆ ಝಲ್ ಅನ್ಬಹುದು.

ಹೆಜ್ಜೆ 2: ರಿಜಿಸ್ಟ್ರಾರ್ ಯಾರು ಅಂತ ಆರಿಸುದು

ಡಾಟ್ ಕಾಮ್, ಡಾಟ್ ಆರ್ಗ್ ಮಾರುವವರಿಗೆ ಜಗತ್ತಿನ ಡೊಮೈನ್ ವ್ಯವಸ್ಥೆ ನೋಡ್ಕೊಳ್ಳುವ ಐಕ್ಯಾನ್ ಅನ್ನುವ ಸಂಸ್ಥೆಯ ಮಾನ್ಯತೆ ಬೇಕು, ಅದು 1998ರಲ್ಲಿ ಶುರುವಾದದ್ದು. ಮಾನ್ಯತೆ ಇದ್ದವರ ಪಟ್ಟಿ ಅವರ ಸೈಟಿನಲ್ಲೇ ಉಂಟು, ಡಾಟ್ ಇನ್‌ಗೆ ನಿಕ್ಸಿಯ ಪಟ್ಟಿ ಬೇರೆ. ಪಟ್ಟಿಯಲ್ಲಿ ಹೆಸರಿಲ್ಲಾಂದ್ರೆ ಅವ ರೀಸೆಲ್ಲರ್. ರೀಸೆಲ್ಲರ್ ಅಂದ ಕೂಡಲೇ ಕಳ್ಳ ಅಂತಲ್ಲ, ಆದ್ರೆ ಅವ ಅಂಗಡಿ ಮುಚ್ಚಿದ್ರೆ ಹಿಂದೆ ಯಾರಿದ್ದಾರೆ ಅಂತ ನಿಮಗೆ ಗೊತ್ತಿರ್ಬೇಕು. ಮಾನ್ಯತೆ ಇದ್ದವರೂ ಮುಳುಗಿದ್ದುಂಟು, 2007ರಲ್ಲಿ ರಿಜಿಸ್ಟರ್‌ಫ್ಲೈ ಅನ್ನುವ ಕಂಪನಿಯಲ್ಲಿ ಸಾವಿರಾರು ಗಿರಾಕಿಗಳ ಡೊಮೈನ್ ರಿನ್ಯೂ ಆಗದೆ ಸಿಕ್ಕಿಬಿದ್ದು ಕೊನೆಗೆ ಐಕ್ಯಾನ್ ಅವರ ಮಾನ್ಯತೆಯನ್ನೇ ತೆಗೆದು ಹಾಕಿತು. ಇನ್ನು ದೊಡ್ಡ ಕಂಪನಿ ಶಾಶ್ವತ ಅಂತ ಹೇಳ್ಲಿಕ್ಕಾಗ್ತದಾ? ಗೂಗಲ್ ಡೊಮೈನ್ಸ್ ಅಂತ ಇತ್ತು, ಗೂಗಲೇ ಅಲ್ವಾ ಅಂತ ನಾನು ಇಬ್ಬರಿಗೆ ಅದರಲ್ಲೇ ಮಾಡಿಕೊಟ್ಟಿದ್ದೆ, 2023ರಲ್ಲಿ ಅವರು ಅದನ್ನು ಸ್ಕ್ವೇರ್‌ಸ್ಪೇಸಿಗೆ ಮಾರಿ ಕೈತೊಳ್ಕೊಂಡ್ರು.

ಹಾಗಾಗಿ ಕಂಪನಿ ಎಷ್ಟು ದೊಡ್ಡದು ಅಂತ ನೋಡುದಕ್ಕಿಂತ ಹೊರಗೆ ಬರ್ಲಿಕ್ಕೆ ಬಾಗಿಲು ಎಷ್ಟು ಸಲೀಸು ಅಂತ ನೋಡಿ. ನಾನು ನೋಡುದು ಇಷ್ಟು. ರಿನ್ಯೂವಲ್ ರೇಟ್ ಎದುರೇ ಬರೆದಿದ್ದಾರಾ, ಅಥವಾ ಕೊನೇ ಪೇಜಿನಲ್ಲಿ ಸಣ್ಣ ಅಕ್ಷರದಲ್ಲಾ? ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿಸಿ ಲೆಕ್ಕ ಹಾಕಿ, ತುಂಬ ಕಡೆ ತೋರಿಸುವ ರೇಟಿನಲ್ಲಿ ಅದು ಇರುದಿಲ್ಲ. ಟ್ರಾನ್ಸ್‌ಫರ್ ಕೋಡ್ ಅಂತ ಒಂದುಂಟು, ಡೊಮೈನನ್ನು ಬೇರೆ ಕಡೆ ಒಯ್ಯಲಿಕ್ಕೆ ಬೇಕಾದ ಗುಟ್ಟಿನ ಪಾಸ್‌ವರ್ಡ್, ಅದು ನಿಮ್ಮ ಲಾಗಿನ್ನಿನಲ್ಲಿ ಒಂದೇ ಕ್ಲಿಕ್ಕಿಗೆ ಸಿಗ್ತದಾ, ಅಥವಾ "ಸಪೋರ್ಟಿಗೆ ಬರೆಯಿರಿ" ಅಂತ ಉಂಟಾ? ಕೇಳಿದ 5 ದಿನದೊಳಗೆ ಕೊಡ್ಲೇಬೇಕು ಅಂತ ಐಕ್ಯಾನ್ ನಿಯಮ, ಕೊಡದಿದ್ರೆ ಅಲ್ಲಿಗೇ ದೂರು ಹಾಕ್ಬಹುದು. ಎರಡು ಹಂತದ ಲಾಗಿನ್ ಉಂಟಾ? ಡೊಮೈನನ್ನು ಯಾರೂ ಬೇರೆ ಕಡೆ ಒಯ್ಯದ ಹಾಗೆ ಲಾಕ್ ಹಾಕ್ಲಿಕ್ಕೆ ಆಗ್ತದಾ? ಡಿಎನ್‌ಎಸ್ ಬದಲಿಸ್ಲಿಕ್ಕೆ ಬೇರೆ ದುಡ್ಡು ಕೇಳ್ತಾರಾ? ಕೇಳಿದ್ರೆ ಅಲ್ಲಿಂದ ಎದ್ದು ಬನ್ನಿ.

ಹೆಸರು ಹೇಳ್ಲೇಬೇಕು ಅಂದ್ರೆ ನೇಮ್‌ಚೀಪ್, ಗೋಡ್ಯಾಡಿ, ಬಿಗ್‌ರಾಕ್, ಕ್ಲೌಡ್‌ಫ್ಲೇರ್ ಇವು ನಮ್ಮ ಕಡೆಯವರು ಹೆಚ್ಚು ಬಳಸುದು. ಕ್ಲೌಡ್‌ಫ್ಲೇರ್ ತನಗೆ ಬಿದ್ದ ರೇಟಿಗೇ ಕೊಡ್ತದೆ, ಲಾಭ ಇಡುದಿಲ್ಲ, ಆದ್ರೆ ಅವರ ಡಿಎನ್‌ಎಸ್ಸನ್ನೇ ಬಳಸ್ಬೇಕು. ನನಗೆ ಅದು ತೊಂದರೆ ಅಂತ ಕಂಡಿಲ್ಲ.

ದುಡ್ಡು ಕಟ್ಟುವ ಕಡೆ ಒಂದು ಗುಂಡಿ ಉಂಟು. "ಆಟೋ ರಿನ್ಯೂ ಆನ್ ಇದೆ, ನನಗೆಂತ ಭಯ" ಅಂತ ಕೂತವರು ನನ್ನ ಗಿರಾಕಿಗಳಲ್ಲೇ ಇದ್ದಾರೆ. 2021ರ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ ಬಂದ ಮೇಲೆ, ಕಾರ್ಡಿನಿಂದ ತನ್ನಿಂತಾನೇ ದುಡ್ಡು ಹೋಗ್ಬೇಕಾದ್ರೆ ನೀವು ಮೊದಲೇ ಒಪ್ಪಿಗೆ ರಿಜಿಸ್ಟರ್ ಮಾಡಿರ್ಬೇಕು. ಹೊರದೇಶದ ಎಷ್ಟೋ ಕಂಪನಿಗಳಲ್ಲಿ ಆ ವ್ಯವಸ್ಥೆ ಇಲ್ಲದೆ ನಮ್ಮ ಡೆಬಿಟ್ ಕಾರ್ಡ್ ಪೇಮೆಂಟ್ ಸುಮ್ಮನೆ ಫೇಲ್ ಆಗ್ತದೆ, ಒಂದು ಇಮೇಲ್ ಬರ್ತದೆ, ಅದು ಪ್ರಮೋಷನ್ ಫೋಲ್ಡರಿಗೆ ಹೋಗಿ ಬೀಳ್ತದೆ. ಆಟೋ ರಿನ್ಯೂ ಆನ್ ಇರಲಿ, ಬೇಡ ಅನ್ನುದಿಲ್ಲ, ಆದ್ರೆ ಮುಖ್ಯ ಹೆಸರಿಗೆ ಐದು ವರ್ಷಕ್ಕೆ ಒಟ್ಟಿಗೇ ಕಟ್ಟಿ ಬಿಡುದು ನೆಮ್ಮದಿ. ಯುಪಿಐ ತೆಗೊಳ್ಳುವ, ರೂಪಾಯಿಯಲ್ಲಿ ಜಿಎಸ್‌ಟಿ ಬಿಲ್ ಕೊಡುವ ಕಂಪನಿ ಆದ್ರೆ ಶಾಲೆ, ಸಂಘಗಳ ಆಡಿಟಿಗೂ ಸುಲಭ, ಜಗಳ ಬಂದ್ರೆ 1915 ಗ್ರಾಹಕ ಸಹಾಯವಾಣಿಗೆ ಫೋನ್ ಮಾಡ್ಲಿಕ್ಕೂ ಆಗ್ತದೆ.

ಹೆಜ್ಜೆ 3: ಯಾರ ಹೆಸರು, ಯಾವ ಇಮೇಲ್

ಇದನ್ನು ಓಡಿಸಿ ಓದ್ಬೇಡಿ. ಡೊಮೈನಿನ ಯಜಮಾನ ಅಂದ್ರೆ ದುಡ್ಡು ಕೊಟ್ಟವ ಅಲ್ಲ, ಸೈಟ್ ಮಾಡಿದವನೂ ಅಲ್ಲ, ರಿಜಿಸ್ಟ್ರೆಂಟ್ ಅಂತ ಬರೆದ ಜಾಗೆಯಲ್ಲಿ ಯಾರ ಹೆಸರುಂಟೋ ಅವ. ಆ ಅಕೌಂಟಿನ ಇಮೇಲ್ ಯಾರ ಕೈಯಲ್ಲಿದೆಯೋ ಬೀಗದ ಕೈ ಅವನ ಹತ್ತಿರ. ನನ್ನಂಥ ಅಂಗಡಿಯವ "ನಾನು ನೋಡ್ಕೊಳ್ತೇನೆ, ನೀವು ಮಂಡೆಬಿಸಿ ಮಾಡ್ಬೇಡಿ" ಅಂದ್ರೂ ಒಪ್ಬೇಡಿ. ನಾನೇ ಹೇಳ್ತಿದ್ದೇನೆ, ಒಪ್ಬೇಡಿ. ನಾನು ನಾಳೆ ಅಂಗಡಿ ಮುಚ್ಚಬಹುದು, ನಿಮಗೂ ನನಗೂ ಮಾತು ನಿಲ್ಬಹುದು, ಇನ್ನೂ ಹೇಳುದಾದ್ರೆ ಸಾಯ್ಲೂಬಹುದು.

ಸಂಘ, ಶಾಲೆ, ದೇವಸ್ಥಾನ ಆದ್ರೆ ರಿಜಿಸ್ಟ್ರೆಂಟ್ ಜಾಗೆಯಲ್ಲಿ ಸಂಸ್ಥೆಯ ಹೆಸರು ಬರೀರಿ. ಇಮೇಲಿಗೆ ಸಂಸ್ಥೆಯದ್ದೇ ಒಂದು ಹೊಸ ಜಿಮೇಲ್ ಮಾಡಿ, ಅದರ ರಿಕವರಿಗೆ ಇಬ್ಬರ ಫೋನ್ ನಂಬರ್ ಕೊಡಿ, ಸಮಿತಿ ಬದಲಾದಾಗ ನಂಬರೂ ಬದಲಾಗ್ಲಿ. ಮತ್ತೆ ಒಂದು ತಪ್ಪು, ಇದನ್ನು ನಾನೇ ಮಾಡಿ ಸುಟ್ಟುಕೊಂಡದ್ದು: ಡೊಮೈನ್ ಅಕೌಂಟಿಗೆ ಅದೇ ಡೊಮೈನಿನ ಇಮೇಲ್ ಕೊಡ್ಲೇಬಾರ್ದು. ಡೊಮೈನ್ ಹೋದ ದಿನ ಆ ಇಮೇಲೂ ನಿಲ್ತದೆ, ಪಾಸ್‌ವರ್ಡ್ ಮರೆತೆ ಅಂತ ಕೊಟ್ರೆ ಲಿಂಕ್ ಬರುದು ಆ ನಿಂತ ಇಮೇಲಿಗೆ. ಬೀಗದ ಕೈಯನ್ನು ಮನೆಯೊಳಗೇ ಇಟ್ಟು ಬಾಗಿಲು ಎಳೆದ ಹಾಗೆ. ನನಗೆ ಅದನ್ನು ಬಿಡಿಸ್ಲಿಕ್ಕೆ ಹನ್ನೊಂದು ದಿನ ಹಿಡೀತು.

ಈಗಾಗ್ಲೇ ಸೈಟ್ ಇದ್ದವರು ಲುಕಪ್ ಡಾಟ್ ಐಕ್ಯಾನ್ ಡಾಟ್ ಆರ್ಗ್ ಅನ್ನುವಲ್ಲಿ ಹೋಗಿ ನಿಮ್ಮ ಹೆಸರು ಹಾಕಿ ನೋಡಿ. ರಿಜಿಸ್ಟ್ರಾರ್ ಯಾರು, ಮುಗಿಯುದು ಯಾವಾಗ ಅಂತ ಬರ್ತದೆ. 'ಕ್ಲೈಂಟ್ ಟ್ರಾನ್ಸ್‌ಫರ್ ಪ್ರೊಹಿಬಿಟೆಡ್' ಅಂತ ಕಂಡ್ರೆ ಹೆದರ್ಬೇಡಿ, ಲಾಕ್ ಬಿದ್ದಿದೆ ಅಂತ ಅರ್ಥ, ಒಳ್ಳೇದೇ. ಯಜಮಾನನ ಹೆಸರು ಹೆಚ್ಚಿನದಕ್ಕೆ ಮುಚ್ಚಿರ್ತದೆ, ಅದನ್ನು ಲಾಗಿನ್ ಆಗಿಯೇ ನೋಡ್ಬೇಕು. ಲಾಗಿನ್ ನಿಮ್ಮ ಹತ್ತಿರ ಇಲ್ಲಾಂದ್ರೆ ಸೈಟ್ ಮಾಡಿದವರ ಜೊತೆ ಸಂಬಂಧ ಚೆನ್ನಾಗಿರುವಾಗಲೇ ಕೇಳಿ ತೆಗೊಳ್ಳಿ.

ಹೊಸತು ತೆಗೊಳ್ಳುವಾಗ ಪ್ರೈವಸಿ, ಅಂದ್ರೆ ನಿಮ್ಮ ಹೆಸರು ನಂಬರ್ ಮುಚ್ಚಿಡುವ ವ್ಯವಸ್ಥೆ, ಸಿಗುದಾದ್ರೆ ಆನ್ ಮಾಡಿ, ಧರ್ಮಕ್ಕೆ ಕೊಡುವವರು ಈಗ ತುಂಬ ಉಂಟು. ಇಲ್ಲಾಂದ್ರೆ ಮರುದಿನ ಬೆಳಿಗ್ಗೆಯಿಂದ "ಸರ್, ವೆಬ್‌ಸೈಟ್ ಡಿಸೈನ್ ಬೇಕಾ" ಅಂತ ಹಿಂದಿಯಲ್ಲಿ ಫೋನ್ ಶುರು. ಚೀನಾದಲ್ಲಿ ಯಾರೋ ನಿಮ್ಮ ಹೆಸರು ತೆಗೊಳ್ತಿದ್ದಾರೆ ಕೂಡ್ಲೇ ಉತ್ತರ ಕೊಡಿ ಅಂತ ಇಮೇಲ್ ಬಂದ್ರೆ ಅದು ಮೋಸ, ಡಿಲೀಟ್ ಮಾಡಿ.

ಹೆಜ್ಜೆ 4: ತಾರೀಕು ತಪ್ಪಿದ್ರೆ ಎಂತ ಆಗ್ತದೆ

ಮೈಕ್ರೋಸಾಫ್ಟೇ 1999ರ ಕ್ರಿಸ್‌ಮಸ್ ಹೊತ್ತಿಗೆ ಪಾಸ್‌ಪೋರ್ಟ್ ಡಾಟ್ ಕಾಮ್ ರಿನ್ಯೂ ಮಾಡ್ಲಿಕ್ಕೆ ಮರೆತು ಹಾಟ್‌ಮೇಲ್ ಲಾಗಿನ್ ಎಡವಿತ್ತು, ಕೊನೆಗೆ ಯಾರೋ ಒಬ್ಬ ಪ್ರೋಗ್ರಾಮರ್ ತನ್ನ ಕಾರ್ಡಿನಿಂದ 35 ಡಾಲರ್ ಕಟ್ಟಿದ. ಹಾಗಾಗಿ ಮರೆತ ಸಮಿತಿಯವರಿಗೆ ನಾನು ಬೈಯುದಿಲ್ಲ.

ಡಾಟ್ ಕಾಮಿನ ಲೆಕ್ಕ ಹೀಗೆ. ಮುಗಿಯುವ ಸುಮಾರು ಒಂದು ತಿಂಗಳ ಮೊದಲು ಒಂದು, ಒಂದು ವಾರ ಮೊದಲು ಒಂದು, ಮುಗಿದು 5 ದಿನದೊಳಗೆ ಒಂದು ನೋಟಿಸ್ ಕಳಿಸ್ಲೇಬೇಕು ಅಂತ ನಿಯಮ. ಮುಗಿದ ಮೇಲೆ 45 ದಿನದವರೆಗೆ ಮಾಮೂಲು ರೇಟಿಗೆ ಉಳಿಸಿಕೊಳ್ಳುವ ಅವಕಾಶ ಇರ್ಬಹುದು, ಆದ್ರೆ ಅದು ರಿಜಿಸ್ಟ್ರಾರಿನ ಮರ್ಜಿ, ಕೆಲವರು ಅಷ್ಟು ದಿನ ಕೊಡುದೇ ಇಲ್ಲ, ಅದರ ಮೊದಲೇ ಹರಾಜಿಗೆ ಹಾಕ್ತಾರೆ. ಅಲ್ಲಿಂದ ಮುಂದೆ 30 ದಿನ ರಿಡೆಂಪ್ಷನ್, ಅಂದ್ರೆ ದಂಡ ಕಟ್ಟಿ ಬಿಡಿಸುದು, ದಂಡ ಮಾಮೂಲು ರೇಟಿನ ಹತ್ತು ಪಟ್ಟಿನ ಹತ್ತಿರ ಹೋದದ್ದನ್ನು ನೋಡಿದ್ದೇನೆ. ಮತ್ತೆ 5 ದಿನ ಏನೂ ಮಾಡ್ಲಿಕ್ಕಾಗುದಿಲ್ಲ, ಆರನೇ ದಿನ ಯಾರಿಗೂ ಸಿಗ್ತದೆ. ಯಾರಿಗೂ ಅಂದ್ರೆ ಆ ಜುಗಾರಿಯವರ ಕಂಪ್ಯೂಟರಿಗೆ, ಅದು ನಿದ್ದೆ ಮಾಡುದಿಲ್ಲ.

ಇಲ್ಲಿ ಒಂದು ಮೋಸದ ಹಾಗೆ ಕಾಣುವ ಸಂಗತಿ ಉಂಟು. ತಾರೀಕು ದಾಟಿದ ಕೂಡಲೇ ಮೂಲ ಪಟ್ಟಿಯಲ್ಲಿ ತನ್ನಿಂತಾನೇ ಒಂದು ವರ್ಷ ಮುಂದಿನ ತಾರೀಕು ಬೀಳ್ತದೆ, ನೀವು ಒಂದು ಪೈಸೆ ಕಟ್ಟದಿದ್ರೂ. ಲುಕಪ್‌ನಲ್ಲಿ ಅದನ್ನು ನೋಡಿ "ಓ ರಿನ್ಯೂ ಆಗಿದೆ" ಅಂತ ಒಬ್ಬರು ಹೋಮ್‌ಸ್ಟೇಯವರು ನೆಮ್ಮದಿಯಲ್ಲಿ ಕೂತಿದ್ರು. ದುಡ್ಡು ಕಟ್ಟಿದ ರಶೀದಿ ಇದ್ರೆ ಮಾತ್ರ ರಿನ್ಯೂ ಆದದ್ದು.

ಹೆಜ್ಜೆ 5: ಹೋಸ್ಟಿಂಗ್ ಬೇಕಾ ಅಂತಲೇ ಮೊದಲು ಕೇಳಿ

ನಾಲ್ಕು ಪೇಜು, ಹತ್ತು ಫೋಟೋ, ಫೋನ್ ನಂಬರ್, ದಾರಿಯ ಮ್ಯಾಪ್, ಇಷ್ಟೇ ಆದ್ರೆ ದುಡ್ಡು ಕೊಟ್ಟು ಹೋಸ್ಟಿಂಗ್ ತೆಗೊಳ್ಳುದು ದಂಡ. ಗಿಟ್‌ಹಬ್ ಪೇಜಸ್, ಕ್ಲೌಡ್‌ಫ್ಲೇರ್ ಪೇಜಸ್, ನೆಟ್ಲಿಫೈ ಇವೆಲ್ಲ ಇಂಥ ಸೈಟನ್ನು ಧರ್ಮಕ್ಕೆ ಇಟ್ಕೊಳ್ತವೆ, ನಿಮ್ಮ ಡೊಮೈನನ್ನೂ ಜೋಡಿಸ್ಬಹುದು. ಸ್ವಲ್ಪ ಕಲಿಯುವ ತಾಳ್ಮೆ ಬೇಕು, ಅಷ್ಟೇ. ಬ್ಲಾಗ್ ಬರೀಬೇಕು, ಸಮಿತಿಯವರೇ ಫೋಟೋ ಹಾಕ್ಬೇಕು ಅಂತಾದ್ರೆ ಅದಕ್ಕೆಂದೇ ಇರುವ ಸಾಫ್ಟ್‌ವೇರ್ ವರ್ಡ್‌ಪ್ರೆಸ್, ಅದಕ್ಕೆ ಶೇರ್ಡ್ ಹೋಸ್ಟಿಂಗ್, ಅಂದ್ರೆ ಒಂದೇ ಸರ್ವರನ್ನು ಹಲವರು ಹಂಚಿಕೊಳ್ಳುದು, ಧಾರಾಳ ಸಾಕು. ವಿಪಿಎಸ್, ಅಂದ್ರೆ ಸರ್ವರಿನಲ್ಲಿ ನಿಮಗೇ ಬೇರೆ ಮಾಡಿ ಕೊಟ್ಟ ಪಾಲು, ಅಂತ ಯಾರಾದ್ರೂ ಹೇಳಿದ್ರೆ, ರಾತ್ರಿ ಹನ್ನೆರಡಕ್ಕೆ ಕೆಟ್ರೆ ನೋಡುದು ಯಾರು ಅಂತ ಕೇಳಿ. ಉತ್ತರ 'ನೀವೇ' ಅಂತಾದ್ರೆ ಬೇಡ.

ಹೆಜ್ಜೆ 6: ಹೋಸ್ಟಿಂಗ್ ಕಂಪನಿಯನ್ನು ತೂಗಿ ನೋಡುದು

'ಟಾಪ್ 10 ಹೋಸ್ಟಿಂಗ್' ಅಂತ ಹುಡುಕಿದ್ರೆ ಬರುದು ಹೆಚ್ಚಿನದೂ ಕಮಿಷನ್ನಿನ ಪಟ್ಟಿ. ಲಿಂಕ್ ಒತ್ತಿ ನೀವು ಕೊಂಡ್ರೆ ಬರೆದವನಿಗೆ ದುಡ್ಡು, ಹೆಚ್ಚು ಕೊಟ್ಟವನಿಗೆ ಒಂದನೇ ನಂಬರ್. ಮತ್ತೆ ಹತ್ತು ಹೆಸರು ಕಂಡ್ರೂ ಹತ್ತು ಯಜಮಾನರಲ್ಲ. ಬ್ಲೂಹೋಸ್ಟ್, ಹೋಸ್ಟ್‌ಗೇಟರ್, ಬಿಗ್‌ರಾಕ್ ಮೂರೂ ಇ‌ಐಜಿ ಅನ್ನುವ ಒಂದೇ ಕಂಪನಿಯ ಕೈಗೆ ಬಂದವು, 2021ರಲ್ಲಿ ಅದೇ ನ್ಯೂಫೋಲ್ಡ್ ಡಿಜಿಟಲ್ ಆಯ್ತು. ಒಂದರಲ್ಲಿ ಜಗಳ ಮಾಡ್ಕೊಂಡು ಇನ್ನೊಂದಕ್ಕೆ ಹೋದ್ರೆ ಅದೇ ಮನೆಯ ಇನ್ನೊಂದು ಬಾಗಿಲು.

ರೇಟ್ ನೋಡುವಾಗ ತಿಂಗಳಿಗೆ 99 ಅಂತ ದೊಡ್ಡದಾಗಿ ಬರೆದದ್ದು ನಾಲ್ಕು ವರ್ಷ ಒಟ್ಟಿಗೆ ಕಟ್ಟಿದವನಿಗೆ ಮಾತ್ರ, ಅದೂ ಜಿಎಸ್‌ಟಿ ಬಿಟ್ಟು. ಐದನೇ ವರ್ಷ ಮೂರು ಪಟ್ಟೂ ಆಗ್ಬಹುದು. ನಾನು ಮಾಡುದು ಹೀಗೆ: ಮೊದಲ ಅವಧಿ ಮತ್ತೆ ರಿನ್ಯೂ ಅವಧಿ ಎರಡನ್ನೂ ಕೂಡಿಸಿ ವರ್ಷದಿಂದ ಭಾಗಿಸಿ ಒಂದು ಕಾಗದದಲ್ಲಿ ಬರೆದು ಕಂಪನಿ ಕಂಪನಿ ಹೋಲಿಸುದು. ಆಗ ಕೆಲವು ಅಗ್ಗದ್ದು ದುಬಾರಿ ಆಗ್ತದೆ, ದುಬಾರಿ ಕಂಡದ್ದು ಸಮ ಬರ್ತದೆ. ಹೊಸ ಕಂಪನಿಗೆ ಒಮ್ಮೆಗೇ ನಾಲ್ಕು ವರ್ಷ ಕಟ್ಬೇಡಿ, ಒಂದು ವರ್ಷ ನೋಡಿ.

'ಅನ್‌ಲಿಮಿಟೆಡ್' ಅನ್ನುದು ಊಟಕ್ಕೆ ಕೂರಿಸಿ ಬಡಿಸ್ಲಿಕ್ಕೆ ಯಾರೂ ಬಾರದ ಹಾಗೆ. ಜಾಗೆ ಅನ್‌ಲಿಮಿಟೆಡ್ ಇರ್ತದೆ, ಆದ್ರೆ ಐನೋಡ್ ಅಂತ ಒಂದು ಮಿತಿ ಷರತ್ತಿನ ಪೇಜಿನಲ್ಲಿರ್ತದೆ, ಅಂದ್ರೆ ಫೈಲುಗಳ ಎಣಿಕೆ. ಒಂದೊಂದು ಇಮೇಲೂ ಒಂದು ಫೈಲ್, ವರ್ಡ್‌ಪ್ರೆಸ್ ಒಂದು ಫೋಟೋ ಹಾಕಿದ್ರೆ ಬೇರೆ ಬೇರೆ ಸೈಜಿನಲ್ಲಿ ಐದಾರು ಮಾಡಿ ಇಡ್ತದೆ. ಯಕ್ಷಗಾನದ ಫೋಟೋ ಆಲ್ಬಮ್ ಹಾಕಿದ ಒಂದು ಸಂಘದವರಿಗೆ ಜಾಗೆ ಕಾಲು ಭಾಗವೂ ತುಂಬುವ ಮೊದಲೇ ಐನೋಡ್ ಮುಗಿದು ಅಪ್‌ಲೋಡ್ ನಿಂತಿತ್ತು.

ಅಪ್‌ಟೈಮ್ (ಸೈಟ್ ನಿಲ್ಲದೆ ನಡೆಯುವ ಹೊತ್ತು) 99.9 ಪರ್ಸೆಂಟ್ ಅಂದ್ರೆ ತಿಂಗಳಿಗೆ 43 ನಿಮಿಷ ಬಂದ್ ಆಗ್ಬಹುದು, ವರ್ಷಕ್ಕೆ ಎಂಟೂ ಮುಕ್ಕಾಲು ಗಂಟೆ. ಬರೀ 99 ಅಂದ್ರೆ ವರ್ಷಕ್ಕೆ ಮೂರೂವರೆ ದಿನದ ಮೇಲೆ. ಮಾತು ತಪ್ಪಿದ್ರೆ ಎಂತ ಕೊಡ್ತಾರೆ ಅಂತ ಓದಿ, ಹೆಚ್ಚಾಗಿ ಮುಂದಿನ ಬಿಲ್ಲಿನಲ್ಲಿ ನಾಲ್ಕು ಕಾಸು ಕಳೀತಾರೆ, ಅದೂ ನೀವೇ ಕೇಳಿದ್ರೆ.

ಸರ್ವರ್ ಎಲ್ಲಿದೆ ಅನ್ನುದು ಮುಖ್ಯ. ನಮ್ಮ ಸೈಟ್ ನೋಡುವವರು ಊರಿನವರು, ಮಂಗಳೂರು ಬೆಂಗಳೂರಿನವರು, ಮತ್ತೆ ಗಲ್ಫಿನವರು, ಮೂವರಿಗೂ ಮುಂಬೈ ಹತ್ತಿರ. ಡೆಮೊ ಸೈಟ್ ಕೇಳಿ, ನಿಮ್ಮ ಮೊಬೈಲಿನಲ್ಲಿ, ಮನೆಯ ವೈಫೈ ಆಫ್ ಮಾಡಿ, ರೇಂಜ್ ಎರಡು ಕಡ್ಡಿ ಇರುವ ತೋಟದ ಮೂಲೆಯಲ್ಲಿ ನಿಂತು ಓಪನ್ ಮಾಡಿ ನೋಡಿ. ಅದಕ್ಕಿಂತ ಒಳ್ಳೆ ಟೆಸ್ಟ್ ನನಗೆ ಗೊತ್ತಿಲ್ಲ.

ಎಸ್‌ಎಸ್‌ಎಲ್, ಅದೇ ಬ್ರೌಸರಿನ ಬೀಗದ ಗುರುತು, ಅದಕ್ಕೆ ಬೇರೆ ದುಡ್ಡು ಕೇಳುವ ಹೋಸ್ಟಿಂಗ್ ಬೇಡವೇ ಬೇಡ. ಲೆಟ್ಸ್ ಎನ್‌ಕ್ರಿಪ್ಟ್ 2015ರಿಂದ ಅದನ್ನು ಧರ್ಮಕ್ಕೆ ಕೊಡ್ತಾ ಉಂಟು.

ಸಪೋರ್ಟಿನ ಪರೀಕ್ಷೆ ದುಡ್ಡು ಕಟ್ಟುವ ಮೊದಲೇ ಮಾಡ್ಬೇಕು. ಶನಿವಾರ ರಾತ್ರಿ ಹತ್ತು ಗಂಟೆಗೆ ಚಾಟಿಗೆ ಹೋಗಿ, ಮಾರಾಟದವರಿಗಲ್ಲ, ಟೆಕ್ನಿಕಲ್‌ನವರಿಗೆ ಒಂದು ನಿಖರ ಪ್ರಶ್ನೆ ಕೇಳಿ. ನಾನು ಕೇಳುದು, "ನನ್ನ ಡೇಟಾಬೇಸ್ ಕನ್ನಡದಲ್ಲಿದೆ, ಯುಟಿಎಫ್8ಎಂಬಿ4 ಬ್ಯಾಕಪ್ ನಿಮ್ಮಲ್ಲಿ ರಿಸ್ಟೋರ್ ಮಾಡಿದ್ರೆ ಅಕ್ಷರ ಕೆಡ್ತದಾ?" ಅಂತ. ಯುಟಿಎಫ್8 ಅಂದ್ರೆ ಕಂಪ್ಯೂಟರು ಅಕ್ಷರ ಬರೆದಿಡುವ ಒಂದು ಕ್ರಮ. "ಡಿಯರ್ ಕಸ್ಟಮರ್, ನಮ್ಮ ಪ್ಲಾನ್ ತುಂಬ ಒಳ್ಳೇದು" ಅಂತ ಬಂದ್ರೆ ಕಿಟಕಿ ಮುಚ್ಚುದು. ಒಬ್ಬ ಮಾತ್ರ "ಎಕ್ಸ್‌ಪೋರ್ಟ್ ಮಾಡುವಾಗ ಕ್ಯಾರೆಕ್ಟರ್ ಸೆಟ್ ಯಾವುದು ಕೊಟ್ಟಿದ್ದೀರಿ?" ಅಂತ ತಿರುಗಿ ಕೇಳಿದ, ಅವನ ಕಂಪನಿಯಲ್ಲಿ ನಾನು ಈಗ ಆರು ವರ್ಷದಿಂದ ಇದ್ದೇನೆ.

ಆ ಪ್ರಶ್ನೆ ನನಗೆ ಹೊಳೆದದ್ದು ಪೆಟ್ಟು ತಿಂದೇ. ಒಂದು ಶಾಲೆಯ ಸೈಟ್ ಬದಲಿಸುವಾಗ, ಕನ್ನಡದ ಒಂದೊಂದು ಅಕ್ಷರಕ್ಕೆ ಯುಟಿಎಫ್8ರಲ್ಲಿ ಮೂರು ಬೈಟ್ ಬೇಕು ಅನ್ನುದನ್ನು ನೆನಪಿಡದೆ ಹಳೇ ಲ್ಯಾಟಿನ್ ಸೆಟ್ಟಿನಲ್ಲಿ ಬ್ಯಾಕಪ್ ತೆಗೆದು ಹಾಕಿದೆ. ಶತಮಾನೋತ್ಸವದ ಲೇಖನವೆಲ್ಲ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ. ಹೆಡ್‌ಮಾಸ್ಟ್ರು ಫೋನ್ ಮಾಡಿ, "ಪರೀಕ್ಷೆ ಪೇಪರ್ ಹಾಕಿದ್ದೀರಾ?" ಅಂತ ಕೇಳಿದ್ರು. ಹಳೇ ಹೋಸ್ಟಿಂಗ್ ಬಂದ್ ಮಾಡಿರ್ಲಿಲ್ಲ, ಹಾಗಾಗಿ ಬದುಕಿದೆ.

ಹೆಜ್ಜೆ 7: ಎರಡು ಕಡೆ ಇಡಿ, ಬ್ಯಾಕಪ್ ಮೂರನೇ ಕಡೆ

ಹೋಸ್ಟಿಂಗ್ ತೆಗೊಂಡ್ರೆ ಡೊಮೈನ್ ಫ್ರೀ ಅಂತ ಹೇಳ್ತಾರೆ. ಫ್ರೀ ಮೊದಲ ವರ್ಷ ಮಾತ್ರ, 30 ದಿನದಲ್ಲಿ ದುಡ್ಡು ವಾಪಸ್ ಕೇಳಿದ್ರೂ ಡೊಮೈನಿನ ರೇಟ್ ಹಿಡ್ಕೊಳ್ತಾರೆ. ಅದಕ್ಕಿಂತ ಹೆಚ್ಚು, ಹೋಸ್ಟಿಂಗ್ ಬಿಲ್ಲಿನ ಜಗಳ ಬಂದು ಅಕೌಂಟ್ ಸಸ್ಪೆಂಡ್ ಆದ್ರೆ ಹೆಸರೂ ಒಳಗೇ ಸಿಕ್ಕಿ ಬೀಳ್ತದೆ. ಬೇರೆ ಬೇರೆ ಕಂಪನಿಯಲ್ಲಿ ಇದ್ರೆ, ಕೋಣೆಯ ಧಣಿ ಕೈಕೊಟ್ರೂ ಆ ರಾತ್ರಿಯೇ ಬೇರೆ ಕೋಣೆಗೆ ಬೋರ್ಡ್ ತಿರುಗಿಸ್ಬಹುದು.

ಬ್ಯಾಕಪ್ ನಾವು ಮಾಡ್ತೇವೆ ಅಂತ ಎಲ್ಲ ಕಂಪನಿಯೂ ಹೇಳ್ತದೆ. ಎಲ್ಲಿ ಇಡ್ತೀರಿ ಅಂತ ಕೇಳಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರಿನ ಒಂದು ಕಟ್ಟಡವೇ ಸುಟ್ಟು ಹೋಯ್ತು, ಬೇರೆ ಕಡೆ ಪ್ರತಿ ಇಡದ ಗಿರಾಕಿಗಳ ಡೇಟಾ ಮತ್ತೆ ಬರ್ಲೇ ಇಲ್ಲ. ಅಡಿಕೆ ಒಣಗಿಸಿ ಎಲ್ಲ ಒಂದೇ ಅಟ್ಟದಲ್ಲಿ ಇಡ್ತೀರಾ ಹೇಳಿ. ವಾರಕ್ಕೊಮ್ಮೆ ಇಡೀ ಸೈಟ್, ಡೇಟಾಬೇಸ್ ಸಮೇತ, ಗೂಗಲ್ ಡ್ರೈವಿಗೋ ಮನೆಯ ಹಾರ್ಡ್ ಡಿಸ್ಕಿಗೋ ಬರುವ ಹಾಗೆ ಮಾಡಿ. ವರ್ಷಕ್ಕೊಮ್ಮೆ ಅದನ್ನು ಬಿಚ್ಚಿ ಒಂದು ಖಾಲಿ ಜಾಗೆಯಲ್ಲಿ ನಿಲ್ಲಿಸಿ ನೋಡಿ, ಬಿಚ್ಚಿ ನೋಡದ ಬ್ಯಾಕಪ್ ಇದೆ ಅಂತ ಲೆಕ್ಕಕ್ಕೆ ಹಿಡೀಲಿಕ್ಕಾಗುದಿಲ್ಲ.

ಇಮೇಲನ್ನೂ ಹೋಸ್ಟಿಂಗಿನ ಒಳಗೆ ಇಡ್ಬೇಡಿ, ಆಗುದಾದ್ರೆ ಬೇರೆ ಇಮೇಲ್ ಸೇವೆ ತೆಗೊಳ್ಳಿ. ಶೇರ್ಡ್ ಸರ್ವರಿನಲ್ಲಿ ನಿಮ್ಮ ನೆರೆಯವ ಸ್ಪ್ಯಾಮ್ ಕಳಿಸಿದ್ರೆ ನಿಮ್ಮ ಇಮೇಲೂ ಜಂಕಿಗೆ ಹೋಗ್ತದೆ.

ಹೆಜ್ಜೆ 8: ಬಿಟ್ಟು ಹೋಗುವಾಗ

ಕ್ರಮ ತಪ್ಪಿದ್ರೆ ಎರಡು ಮೂರು ದಿನ ಕತ್ತಲೆ. ಮೊದಲು ಹೊಸ ಹೋಸ್ಟಿಂಗಿನಲ್ಲಿ ಪೂರ್ತಿ ನಕಲು ನಿಲ್ಲಿಸಿ, ಕನ್ನಡ ಅಕ್ಷರ ಸರಿ ಉಂಟಾ, ಫಾರ್ಮ್ ಹೋಗ್ತದಾ ನೋಡಿ. ಬದಲಿಸುವ ಹಿಂದಿನ ದಿನ ಡಿಎನ್‌ಎಸ್ಸಿನಲ್ಲಿ ಟಿಟಿಎಲ್ ಅನ್ನುವ ಅಂಕೆಯನ್ನು 300ಕ್ಕೆ ಇಳಿಸಿ, ಅಂದ್ರೆ ಐದು ನಿಮಿಷಕ್ಕೊಮ್ಮೆ ಎಲ್ಲರೂ ಹೊಸ ವಿಳಾಸ ಕೇಳ್ತಾರೆ. ಡಿಎನ್‌ಎಸ್ಸಿನಲ್ಲಿ ಇಮೇಲಿಗೆ ಬೇಕಾದ ಎಂಎಕ್ಸ್ ಮತ್ತೆ ಟಿಎಕ್ಸ್‌ಟಿ ದಾಖಲೆಗಳ ಫೋಟೋ ಹೊಡೆದು ಇಟ್ಕೊಳ್ಳಿ, ಹೆಚ್ಚಿನವರು ಮರೆಯುದು ಇದನ್ನೇ. ಮತ್ತೆ ವಿಳಾಸ ತಿರುಗಿಸಿ, ಹಳೇದನ್ನು ಒಂದು ವಾರ ಹಾಗೇ ಬಿಡಿ. ಡೊಮೈನನ್ನೇ ಬೇರೆ ರಿಜಿಸ್ಟ್ರಾರಿಗೆ ಒಯ್ಯುದಾದ್ರೆ ಅದು ಬೇರೆ ದಿನ, ಎರಡನ್ನೂ ಒಟ್ಟಿಗೆ ಮಾಡ್ಬೇಡಿ. ಹೊಸತಾಗಿ ತೆಗೊಂಡ ಅಥವಾ ಆಗಷ್ಟೇ ಟ್ರಾನ್ಸ್‌ಫರ್ ಆದ ಡೊಮೈನಿಗೆ ಸಾಮಾನ್ಯವಾಗಿ 60 ದಿನ ಲಾಕ್, ಹಾಗಾಗಿ ಮುಗಿಯುವ ತಾರೀಕಿಗೆ ಎರಡು ತಿಂಗಳು ಇರುವಾಗಲೇ ಶುರು ಮಾಡಿ. ಡಾಟ್ ಕಾಮಿಗೆ ಟ್ರಾನ್ಸ್‌ಫರ್ ದುಡ್ಡಿನಲ್ಲೇ ಒಂದು ವರ್ಷ ಸೇರಿ ಬರ್ತದೆ, ದಂಡ ಏನಿಲ್ಲ.

ಭಟ್ರ ದೇವಸ್ಥಾನಕ್ಕೆ ಹಳೇ ಹೆಸರು ಸಿಗ್ಲಿಲ್ಲ, ಹಿಡ್ಕೊಂಡವ ಡಾಲರಿನಲ್ಲಿ ರೇಟ್ ಹೇಳಿದ, ಸಮಿತಿಯವರು ಬೇಡ ಅಂದ್ರು. ಡಾಟ್ ಇನ್‌ನಲ್ಲಿ ಹೊಸತು ತೆಗೊಂಡು, ಆಮಂತ್ರಣದ ಮೇಲೆ ಅಂಟಿಸ್ಲಿಕ್ಕೆ ಸಣ್ಣ ಸ್ಟಿಕ್ಕರ್ ನಾನೇ ಪ್ರಿಂಟ್ ಮಾಡಿ ಕೊಟ್ಟೆ, ಮಹಿಳಾ ಸಂಘದವರು ಎರಡು ದಿನ ಕೂತು ಅಂಟಿಸಿದ್ರು.

ಈಗ ನಾನು ಪ್ರತಿ ವರ್ಷ ಪತ್ತನಾಜೆಯ ದಿನ, ಯಕ್ಷಗಾನ ಮೇಳದವರು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಹೊತ್ತಿಗೆ, ಎಲ್ಲ ಗಿರಾಕಿಗಳ ಪಟ್ಟಿ ಎದುರಿಟ್ಟು ಒಂದೊಂದೇ ಡೊಮೈನ್ ನೋಡ್ತೇನೆ: ತಾರೀಕು, ರಶೀದಿ, ಲಾಕ್, ಇಮೇಲ್ ಲಾಗಿನ್ ಆಗ್ತದಾ ಇಲ್ವಾ. ಕಳೆದ ಸಲ ನಲವತ್ತೊಂದರಲ್ಲಿ ಮೂರಕ್ಕೆ ಇಮೇಲ್ ತೆರೀಲಿಲ್ಲ, ಮೂವರಿಗೂ ಅದೇ ದಿನ ಫೋನ್ ಮಾಡಿದೆ. ಒಬ್ಬರು ಇನ್ನೂ ಬಂದಿಲ್ಲ.